ಮಾನಸಿಯ ಬಯಕೆ ಬುತ್ತಿ

ತೇರದಾಳದ ಧನಪಾಲನ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಉರಿಯುವುದಿಲ್ಲ ಎಂಬುದು ಇಡೀ ಪೇಟೆಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಧನಪಾಲನೇ ಹೇಳುತ್ತಿದ್ದ. ಅರಿಷಿಣದ ವ್ಯಾಪಾರದಲ್ಲಿ ಕೈ ಕುದುರಿದ ಮನುಷ್ಯ, ಬಸದಿಯ ಕಮಿಟಿಯಲ್ಲಿ ಮುಂದಿನ ಸಾಲಿನವನು. ಮಾತು ಮಳೆಯಿಂದ ಶುರುವಾಗಲಿ ಮಾರ್ಕೆಟ್ಟಿನಿಂದ ಶುರುವಾಗಲಿ, ಕೊನೆಗೆ ಅದನ್ನು ತನ್ನ ಮನೆಯ ಊಟಕ್ಕೆ ತಂದು ನಿಲ್ಲಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ನೆಲದೊಳಗೆ ಬೆಳೆದದ್ದನ್ನು ಮುಟ್ಟುವುದಿಲ್ಲ, ಸೋಸದ ನೀರು ಕುಡಿಯುವುದಿಲ್ಲ, ಕತ್ತಲಾದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ, ಅದಕ್ಕೇ ಮೂರು ತಲೆಮಾರಿನಿಂದ ತನ್ನ ಮನೆಯಲ್ಲಿ ಶುಗರ್ ಇಲ್ಲ, ಬಿ.ಪಿ. ಇಲ್ಲ ಎಂದು ಎದೆ ಉಬ್ಬಿಸುತ್ತಿದ್ದ. ನೆಲದೊಳಗೇ ಬೆಳೆಯುವ ಅರಿಷಿಣಕ್ಕೆ, ಒಣಗಿದ್ದು ಎಂಬ ಕಾರಣಕ್ಕೆ, ಮಾಫಿ ಸಿಕ್ಕಿತ್ತು. ಅದೇ ವ್ರತವನ್ನು ಯಾರಿಗೂ ಹೇಳದೆ ಪಾಲಿಸಿಕೊಂಡು ಬಂದವರು ಅದೇ ಓಣಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರು ಸುಮ್ಮನೆ ಉಂಡು ಸುಮ್ಮನೆ ಮಲಗುತ್ತಿದ್ದರು.

ಅವನ ಹೆಂಡತಿ ಹೀರಾಬಾಯಿಗೆ ಈ ಭಾಷಣ ಬಾಯಿಪಾಠ. ಗಂಡ ಹೇಳುತ್ತಿರುವಾಗ ಆಕೆ ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟು, ಹೌದು ಎಂಬಂತೆ ತಲೆ ಆಡಿಸಿ ಒಳಗೆ ಹೋಗುತ್ತಿದ್ದಳು. ಆಕೆಗೂ ಅದರಲ್ಲಿ ಹೆಮ್ಮೆ ಇರಲಿಲ್ಲ ಎಂದರೆ ಸುಳ್ಳಾದೀತು. ಒಲೆಯ ಮುಂದೆ ಬೆವರಿದವಳು ಆಕೆ ತಾನೆ?

ಈ ಹೆಮ್ಮೆ ಉಪಯೋಗಕ್ಕೆ ಬಂದದ್ದು ಮಗಳು ಸಿದ್ಧಿಗೆ ಗಂಡು ನೋಡುವಾಗ. ಧನಪಾಲನ ಅಕ್ಕ ಜಿನ್ನಕ್ಕನನ್ನು ಬನಹಟ್ಟಿಗೆ ಕೊಟ್ಟಿತ್ತು. ರಬಕವಿಯ ಸಂಬಂಧವನ್ನು ತಂದವಳು ಆಕೆಯೇ. ಹುಡುಗ ಅಜಯ, ಸೀರೆ ನೇಯುವ ಪವರ್‌ಲೂಮುಗಳಿದ್ದ ಮನೆ, ತಂದೆ ತೀರಿಹೋಗಿದ್ದಾನೆ, ತಾಯಿ ಸುಮತಿಬಾಯಿಯದೇ ಎಲ್ಲ ಕಾರಭಾರ. ಹೆಣ್ಣು ನೋಡಲು ಬಂದ ದಿನ ಎಲ್ಲ ಮಾತೂ ಮುಗಿದು ಇನ್ನೇನು ಏಳಬೇಕು ಎನ್ನುವಾಗ ಸುಮತಿಬಾಯಿ ಸೆರಗು ಸರಿಮಾಡಿಕೊಂಡು ಕೇಳಿದಳು.

“ತಪ್ಪು ತಿಳೀಬ್ಯಾಡ್ರಿ, ಒಂದ್ ಮಾತ್ ಕೇಳ್ತೀನಿ. ನಿಮ್ಮ ಮನ್ಯಾಗ ಯಾರಿಗರೆ ಶುಗರ್ ಐತೇನ್ರಿ?”

ಧನಪಾಲ ನಕ್ಕೇಬಿಟ್ಟ. “ನಮ್ಮ ಮನ್ಯಾಗ ಸಕ್ಕರಿ ಡಬ್ಬಿಯೊಳಗ ಅಷ್ಟ ಐತ್ರಿ, ಯಾರ ಮೈಯಾಗೂ ಇಲ್ಲ!”

ಎಲ್ಲರೂ ನಕ್ಕರು. ಸುಮತಿಬಾಯಿಯೂ ನಕ್ಕಳು, ಸ್ವಲ್ಪ ತಡವಾಗಿ. ಮತ್ತೆ ಆ ಮಾತು ಎತ್ತಲಿಲ್ಲ. ಬೀಗರು ಹೋದ ಮೇಲೆ ಜಿನ್ನಕ್ಕ ಹೀರಾಬಾಯಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ಆ ಮನಿ ಯಜಮಾನ ಶುಗರಿನಿಂದನ ಕಾಲ್ ಕಳಕೊಂಡು ಸತ್ತಾಂವ. ಅದಕ್ಕ ಶುಗರ್ ಅಂದ್ರ ಅವ್ರು ಹೆದರಿ ಸಾಯ್ತಾರ. ಆರೋಗ್ಯದ ಮನಿತನ ಅಂತ ನಿಮ್ಮನ್ನ ಹುಡುಕಿಕೊಂಡು ಬಂದಾರ ನೋಡ್” ಎಂದಳು. ಹೀರಾಬಾಯಿ ಅದನ್ನು ಗಂಟು ಹಾಕಿಕೊಂಡಳು.

ಸೊಸೆ ಮಾನಸಿ ಆಗ ಐದು ತಿಂಗಳ ಬಸುರಿ. ಮುಧೋಳದ ಹುಡುಗಿ, ಮಾತುಗಾತಿ, ನಗು ತಡೆದುಕೊಳ್ಳಲು ಬಾರದವಳು. ಮದುವೆಯಾಗಿ ಬಂದ ವಾರದೊಳಗೇ ಸಿದ್ಧಿಗೂ ಆಕೆಗೂ ಹೊಕ್ಕುಬಳಕೆಯಾಗಿ, ಒಬ್ಬರು ಬಿಟ್ಟು ಒಬ್ಬರು ಉಣ್ಣುತ್ತಿರಲಿಲ್ಲ. ಹೀರಾಬಾಯಿಗೂ ಸೊಸೆಯೆಂದರೆ ಜೀವ. ಮಗ ಅರಿಹಂತನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಅವನು ಮನೆಗೆ ಬರುವುದು ನೆಂಟರು ಬಂದ ಹಾಗೆ. ಹೀಗಾಗಿ ಮಾನಸಿಯನ್ನು ಜಮಖಂಡಿಯ ದವಾಖಾನೆಗೆ ಕರೆದುಕೊಂಡು ಹೋಗುವ ಕೆಲಸ ಹೀರಾಬಾಯಿಯ ಪಾಲಿಗೆ ಬಂದಿತ್ತು.

ಆರನೆಯ ತಿಂಗಳಲ್ಲಿ ರಕ್ತ ತಪಾಸಣೆ ಮಾಡಿಸಿದಾಗ ಡಾಕ್ಟರ್‌ಬಾಯಿ ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದಳು. “ಮಾನಸಿಗೆ ಶುಗರ್ ಬಂದೈತ್ರಿ. ಬಸರಾದಾಗ ಭಾಳ ಮಂದಿಗೆ ಬರತೈತಿ, ಯಾರದೂ ತಪ್ಪಿಲ್ಲ. ಊಟ ನೇಟಾಗಿ ಇಟ್ರ ಬಹುತೇಕ ಮಂದಿಗೆ ಔಷಧ ಸುದ್ದಾ ಬೇಕಾಗೂದಿಲ್ಲ. ಹಡದ ಮ್ಯಾಲ ತಾನಾಗೇ ಇಳೀತೈತಿ.”

“ನಮ್ಮ ಮನ್ಯಾಗ ರಾತ್ರಿ ಊಟಾನ ಇಲ್ರಿ ಬಾಯಾರ,” ಎಂದಳು ಹೀರಾಬಾಯಿ, ಡಾಕ್ಟರ್‌ಬಾಯಿಗೆ ಎಲ್ಲೋ ತಪ್ಪಾಗಿದೆ ಎಂಬ ದನಿಯಲ್ಲಿ. “ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ.”

“ಛಲೋ ಆತು. ಆದ್ರ ಹೋಳಿಗಿ ಐತಲ್ಲ?”

ಮಾನಸಿ ಪಕ್ಕನೆ ನಕ್ಕಳು. ಹೀರಾಬಾಯಿ ನಗಲಿಲ್ಲ. ಡಾಕ್ಟರ್‌ಬಾಯಿ ಬಿಡಿಸಿ ಹೇಳಿದಳು. ಸಿಹಿ ಪೂರ್ತಿ ಬಂದ್, ಅನ್ನ ಕಡಿಮೆ, ಜೋಳದ ರೊಟ್ಟಿ ಇರಲಿ ಆದರೆ ಅಳತೆಯಲ್ಲಿರಲಿ, ಬೇಳೆ ಕಾಳು ಪಲ್ಲೆ ಮಜ್ಜಿಗೆ ಹೆಚ್ಚಿರಲಿ. ಒಮ್ಮೆಗೇ ಹೊಟ್ಟೆ ಬಿರಿಯುವ ಹಾಗೆ ಉಣ್ಣದೆ ಸ್ವಲ್ಪ ಸ್ವಲ್ಪ ತಿನ್ನಬೇಕು, ಉಂಡ ಮೇಲೆ ಅಡ್ಡಾಡಬೇಕು.

“ಬೆಲ್ಲ ನಡೀತೈತಲ್ರಿ?”

“ಬೆಲ್ಲಾನೂ ಸಕ್ಕರೀನ, ಬಣ್ಣ ಅಷ್ಟ ಬ್ಯಾರೆ. ತಾಯಿ ರಕ್ತದಾಗ ಸಕ್ಕರಿ ಏರಿದ್ರ ಅದು ಕೂಸಿಗೂ ಹೋಗತೈತ್ರಿ. ಕೂಸು ಬ್ಯಾಡಾದಷ್ಟು ದಪ್ಪ ಆಗತೈತಿ. ಹಂಗ ಬಿಟ್ರ ಕಡೀ ತಿಂಗಳದಾಗ ಹೊಟ್ಯಾಗ ಜೀವ ಹೋಗೂದೂ ಐತಿ. ಹೆದರಸಾಕ ಹೇಳವಲ್ಲೆ. ಊಟ ನಿಮ್ಮ ಕೈಯಾಗೈತಿ, ಅದಕ್ಕ ನಿಮಗ ಹೇಳಾಕತ್ತೇನಿ.”

ತೇರದಾಳದ ಬಸ್ಸಿನಲ್ಲಿ ಹೀರಾಬಾಯಿ ಹಿಂದೆ ಮುಂದೆ ಕೂತವರನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಸೊಸೆಯ ಕಡೆ ಬಾಗಿ ಸಣ್ಣ ದನಿಯಲ್ಲಿ, “ಇದು ಮನಿ ಬಿಟ್ಟು ಹೊರಗ ಹೋಗಬಾರದು” ಎಂದಳು.

“ಯಾಕ್ರಿ ಅತ್ತಿ?”

“ಸಿದ್ಧಿ ಮಾತುಕತಿ ನಡದೈತಿ. ನಿಮ್ಮ ಮಾವ ಅವತ್ತ ಅಷ್ಟು ಮಂದ್ಯಾಗ ಏನ್ ಹೇಳ್ಯಾರ ನೀನ ಕೇಳೀದಿ.”

“ನನ್ನ ರಕ್ತಕ್ಕೂ ಸಿದ್ಧಿ ರಕ್ತಕ್ಕೂ ಏನ್ ಸಂಬಂಧರಿ? ನಾ ಮುಧೋಳದಿಂದ ಬಂದಾಕಿ.”

“ಡಾಕ್ಟರ್ ಲೆಕ್ಕದಾಗ ಸಂಬಂಧ ಇಲ್ಲ, ಮಂದಿ ಲೆಕ್ಕದಾಗ ಐತಿ. ಆ ಮನ್ಯಾಗ ಶುಗರ್ ಐತಂತ ಅಂದ್ರ ಮುಗೀತು. ಯಾರಿಗಿ, ಯಾವಾಗ ಅಂತ ಯಾರ್ ಕೇಳ್ತಾರ? ನಿನ್ನ ಊಟ ನಾ ನೋಡ್ಕೋತೀನಿ, ನೀ ಬಾಯಿ ಒಂದ್ ಮುಚ್ಚಿಕೋ ತಂಗಿ. ನಿಮ್ಮವ್ವಗೂ ಹೇಳಬ್ಯಾಡ.”

ಮಾನಸಿ ಕಿಟಕಿಯ ಕಡೆ ನೋಡಿದಳು. ಅವ್ವನಿಗೂ ಹೇಳಬಾರದು ಎಂದದ್ದು ಆಕೆಗೆ ನುಂಗಲಾಗಲಿಲ್ಲ. ಆದರೂ, “ಸಿದ್ಧಿ ಸಲುವಾಗಿ” ಎಂದು ಒಪ್ಪಿಕೊಂಡಳು.

ಧನಪಾಲನಿಗೆ ಹೇಳಿದಾಗ ಅವನು ಮೊದಲು ನಂಬಲಿಲ್ಲ. ಆಮೇಲೆ, “ಮುಧೋಳದಾಗ ಕಾಲೇಜಿಗೆ ಹೋಗುವಾಗ ಗಾಡಿ ಮುಂದ ನಿಂತು ಏನೇನ್ ತಿಂದಾಳೋ! ಇದು ನಮ್ಮ ಮನಿ ಅನ್ನದಿಂದ ಬಂದದ್ದಲ್ಲ” ಎಂದು ತೀರ್ಪು ಕೊಟ್ಟ. ಮನೆಯ ಅನ್ನದ ಮರ್ಯಾದೆ ಉಳಿಯಿತಲ್ಲ, ಅವನಿಗೆ ಅಷ್ಟು ಸಾಕಿತ್ತು. ಅರಿಹಂತ ಫೋನಿನಲ್ಲಿ, “ಅವ್ವ ಹೇಳಿದಂಗ ಕೇಳು” ಎಂದು ಹೇಳಿ ತನ್ನ ಪಾಳಿಗೆ ಹೋದ.

ಹೀರಾಬಾಯಿ ಕೊಟ್ಟ ಮಾತನ್ನು ಮನೆಯೊಳಗೆ ನಡೆಸಿದಳು, ಅದನ್ನು ಅಲ್ಲಗಳೆಯುವಂತಿಲ್ಲ. ನಸುಕಿನಲ್ಲೆದ್ದು ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳು. ಮೆಂತೆ ಪಲ್ಲೆ, ಹೆಸರುಕಾಳಿನ ಉಸಳಿ, ಸಕ್ಕರೆ ಇಲ್ಲದ ಚಹಾ. ಮಧ್ಯಾಹ್ನ ಹಸಿವೆಯಾದರೆ ಹುರಿದ ಕಡಲೆ, ಹೊತ್ತು ಮುಳುಗುವ ಮೊದಲು ಇನ್ನೊಂದು ರೊಟ್ಟಿ, ಮಜ್ಜಿಗೆ. ಉಂಡ ಮೇಲೆ ಅತ್ತೆ ಸೊಸೆ ಇಬ್ಬರೂ ಬಸದಿಯ ತನಕ ನಡೆದು ಬರುತ್ತಿದ್ದರು. ಮುಂದಿನ ಸಲ ಜಮಖಂಡಿಗೆ ಹೋದಾಗ ಶುಗರ್ ಇಳಿದಿತ್ತು. “ಶಭಾಷ್ ಹೀರಾಬಾಯಿ, ಇದ ಔಷಧ ನೋಡ್ರಿ” ಎಂದು ಡಾಕ್ಟರ್‌ಬಾಯಿ ಬೆನ್ನು ತಟ್ಟಿದಳು. ಆ ದಿನ ಹೀರಾಬಾಯಿಗೆ ಆದ ಖುಷಿಗೆ ಪಾರವಿರಲಿಲ್ಲ. ಇಷ್ಟೇ ಆಗಿದ್ದರೆ ಈ ಕತೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಏಳನೆಯ ತಿಂಗಳು ಹತ್ತಿದೊಡನೆ ಕರೆಗಳು ಶುರುವಾದವು. ಬಸುರಿ ಹೆಣ್ಣುಮಗಳನ್ನು ನೆಂಟರು ಒಬ್ಬೊಬ್ಬರಾಗಿ ಮನೆಗೆ ಕರೆದು ಉಣ್ಣಿಸುವುದು, ಆಗದವರು ಬಯಕೆ ಬುತ್ತಿ ಕಟ್ಟಿಕೊಂಡು ತಾವೇ ಬರುವುದು ಆ ಕಡೆಯ ಪದ್ಧತಿ. ಬುತ್ತಿ ಎಂದರೆ ಹೂರಣದ ಹೋಳಿಗೆ, ಎಳ್ಳು ಹೋಳಿಗೆ, ಕರ್ಚಿಕಾಯಿ, ಶ್ರೀಖಂಡ, ಗೋದಿ ಹುಗ್ಗಿ. ಪ್ರೀತಿಯನ್ನು ಅಳೆಯಲು ತುಪ್ಪದ ಸೌಟು ಬಿಟ್ಟು ಬೇರೆ ಮಾಪು ಗೊತ್ತಿಲ್ಲದ ಜನ. ಬರಲಾರೆ ಎಂದರೆ ಮುನಿಸು, ಬಂದು ಉಣ್ಣದಿದ್ದರೆ ಅಪಮಾನ, ಉಂಡು ಉಳಿಸಿದರೆ ಅಪಶಕುನ.

ಮೊದಲ ಊಟ ಬನಹಟ್ಟಿಯಲ್ಲಿ, ಜಿನ್ನಕ್ಕನ ಮನೆಯಲ್ಲಿ. ಹೀರಾಬಾಯಿ ಹೋಗುವ ಮೊದಲೇ ಒಂದು ಉಪಾಯ ಮಾಡಿಕೊಂಡಿದ್ದಳು. ಎಲೆಗೆ ಬಡಿಸುವಾಗ, “ಆಕಿಗೆ ಸಿಹಿ ಸೇರವಲ್ದು ಅಕ್ಕಾರ, ಒಂದ್ ಚೂರು ಹಾಕ್ರಿ” ಎಂದಳು.

“ಸಿಹಿ ಸೇರವಲ್ದ? ಬಸರಿಗಿ?” ಜಿನ್ನಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡಳು. “ಇದು ದೃಷ್ಟಿ ತಾಗಿದ್ದ ಹೀರಾ, ಮತ್ತೇನಲ್ಲ. ಬಲವಂತ ಮಾಡಿ ತಿನ್ನಿಸಿದ್ರನ ಹೋಗೂದು.” ದೃಷ್ಟಿ ತೆಗೆದು, ಹೋಳಿಗೆಯ ಮೇಲೆ ತುಪ್ಪ ಸುರಿದು, ತಾನೇ ಮುರಿದು ಬಾಯಿಗಿಟ್ಟಳು. ಮಾನಸಿ ಅತ್ತೆಯ ಮುಖ ನೋಡಿದಳು. ಹೀರಾಬಾಯಿ ತನ್ನ ಎಲೆಯ ಮೇಲಿನ ಕೋಸಂಬರಿ ನೋಡುತ್ತಿದ್ದಳು. ಎರಡನೆಯ ಹೋಳಿಗೆ ಬಂತು. ಜಿನ್ನಕ್ಕನ ಓರಗಿತ್ತಿ ಶ್ರೀಖಂಡದ ಬಟ್ಟಲು ಹಿಡಿದು ನಿಂತಳು.

ಅದರ ಬೆನ್ನಿಗೆ ಅನಗವಾಡಿಯ ಚಿಕ್ಕಮಾವನ ಮನೆ, ಬೀಳಗಿಯಲ್ಲಿದ್ದ ಧನಪಾಲನ ವ್ಯಾಪಾರದ ಗೆಳೆಯನ ಮನೆ, ಪೇಟೆಯ ಆ ಓಣಿ, ಈ ಓಣಿ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ ಮನೆಗಳು. ಹೀಗಾಗಿ ಒಂದೇ ದಿನ ಎರಡು ಕಡೆ ಕರೆದರೆ ಮಧ್ಯಾಹ್ನ ಒಂದು ಹಬ್ಬದೂಟ, ಸಂಜೆ ಐದಕ್ಕೆ ಇನ್ನೊಂದು. ಹೊಟ್ಟೆ ಭಾರವಾಗಿ ನಡೆಯುವುದೂ ನಿಂತುಹೋಯಿತು. ಹೀರಾಬಾಯಿ ಮರುದಿನ ಮನೆಯಲ್ಲಿ ರೊಟ್ಟಿಯನ್ನು ಇನ್ನಷ್ಟು ಸಣ್ಣದು ಮಾಡಿ ಸರಿದೂಗಿಸಲು ನೋಡುತ್ತಿದ್ದಳು. ಮೈ ಕಿರಾಣಿ ಅಂಗಡಿಯ ತಕ್ಕಡಿಯಲ್ಲ ಎಂದು ಆಕೆಗೆ ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ಒಳಗೆ ತಳ್ಳಿದಳು.

“ಅತ್ತಿ, ಒಬ್ಬರ ಮುಂದರೆ ಖರೆ ಹೇಳ್ರಿ. ಡಾಕ್ಟರ್ ಬ್ಯಾಡ ಅಂದಾರ ಅಂತ ಅನ್ರಿ” ಎಂದು ಮಾನಸಿ ಒಂದು ದಿನ ಅತ್ತಳು. ಆಕೆ ಅತ್ತದ್ದನ್ನು ಹೀರಾಬಾಯಿ ಅದೇ ಮೊದಲು ಕಂಡದ್ದು. “ಇನ್ನ ಎಷ್ಟ್ ದಿನ ತಂಗಿ? ಸಿದ್ಧಿದು ಒಂದ್ ಗಟ್ಟಿ ಆಗಲಿ” ಎಂದು ಸೊಸೆಯ ಬೆನ್ನು ಸವರಿದಳು. ನೆಂಟರಿಷ್ಟರು ಮಾತ್ರ ಮಾನಸಿಯ ಹೊಟ್ಟೆ ನೋಡಿ ಹಿಗ್ಗುತ್ತಿದ್ದರು. ಎಂಥಾ ತುಂಬಿದ ಹೊಟ್ಟೆ, ಪೈಲ್ವಾನನೇ ಹುಟ್ಟುತ್ತಾನೆ, ಹೀರಾಬಾಯಿಯ ಕೈಗುಣ ಎಂದು ಹೊಗಳಿದರು. ಹೀರಾಬಾಯಿಗೆ ಆ ಹೊಗಳಿಕೆ ಕೇಳಿದಾಗಲೆಲ್ಲ ಡಾಕ್ಟರ್‌ಬಾಯಿಯ ಮಾತು ನೆನಪಾಗುತ್ತಿತ್ತು. ಆದರೂ ನಗುತ್ತ ಅರಿಷಿಣ ಕುಂಕುಮ ಕೊಟ್ಟು ಕಳಿಸುತ್ತಿದ್ದಳು.

ಎಂಟನೆಯ ತಿಂಗಳಲ್ಲಿ ಡಾಕ್ಟರ್‌ಬಾಯಿ ರಿಪೋರ್ಟ್ ನೋಡಿ ಕನ್ನಡಕ ತೆಗೆದಿಟ್ಟಳು. “ಏನ್ ತಿನ್ನಿಸಾಕತ್ತೀರಿ ಈಕಿಗೆ? ಊಟದ ಮ್ಯಾಲ ಇನ್ನ ನಂಬಿಕಿ ಇಟಗೊಂಡು ಕೂಡಾಕ ಬರೂದಿಲ್ಲ. ಇನ್ಸುಲಿನ್ ಚಾಲೂ ಮಾಡಬೇಕು. ಇವತ್ತಿಂದನ.”

“ಅದು ದನದ್ದೋ ಹಂದೀದೋ ಇರತೈತಂತಲ್ರಿ ಬಾಯಾರ?”

“ಹಿಂದಕ ಹಂಗಿತ್ರಿ. ಈಗಿಂದು ಹಂಗಲ್ಲ, ಯಾವ ಪ್ರಾಣೀನೂ ಇಲ್ಲ. ನಿಮ್ಮ ಧರ್ಮಕ್ಕೇನೂ ಆಗೂದಿಲ್ಲ. ಫ್ರಿಜ್‌ನಾಗ ಇಡ್ರಿ, ಚುಚ್ಚಿಕೊಳ್ಳೂದು ಹೆಂಗ ಅಂತ ಸಿಸ್ಟರ್ ತೋರಸ್ತಾರ. ಸಿಹಿ ಪೂರಾ ಬಂದ್. ಕೂಸಿನ ಓಡಾಟದ ಮ್ಯಾಲ ಗ್ಯಾನ ಇರಲಿ.”

ಪ್ರಾಣಿಯ ಪ್ರಶ್ನೆ ಬಗೆಹರಿಯಿತು. ಫ್ರಿಜ್ಜಿನ ಪ್ರಶ್ನೆ ಬಗೆಹರಿಯಲಿಲ್ಲ. ಧನಪಾಲನ ಮನೆಯ ಫ್ರಿಜ್ಜು ಪಡಸಾಲೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಟಿ.ವಿ. ಪಕ್ಕದಲ್ಲಿ ನಿಂತಿತ್ತು. ಯಾರು ಬಂದರೂ ತಾವೇ ಬಾಗಿಲು ತೆಗೆದು ಮಜ್ಜಿಗೆಯ ಪಾತ್ರೆಗೆ ಕೈ ಹಾಕುವಷ್ಟು ಸಲಿಗೆ. ಅದರಲ್ಲೂ ಜಿನ್ನಕ್ಕ ಬಂದಳೆಂದರೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಮುಚ್ಚಳ ತೆಗೆದು ನೋಡದೆ ಬಿಡುವವಳಲ್ಲ. ಕುಬಸದ, ಅಂದರೆ ಸೀಮಂತದ, ಮುಹೂರ್ತ ಹತ್ತಿರದಲ್ಲೇ ಇತ್ತು, ಮನೆ ತುಂಬ ಜನ ಸೇರುವ ಹೊತ್ತು, ರಬಕವಿಯ ಸುಮತಿಬಾಯಿಯೂ ಬರುವವಳಿದ್ದಳು. ಆ ಇನ್ಸುಲಿನ್ ಸೀಸೆ ಹಾಲಿನ ಪಾಕೀಟಿನ ಪಕ್ಕದಲ್ಲಿ ಕೂತು ಎಲ್ಲರಿಗೂ ತನ್ನ ಹೆಸರು ಹೇಳುತ್ತದೆ ಎಂದು ಹೀರಾಬಾಯಿಗೆ ನಡುಕ.

“ಕುಬಸ ಒಂದ್ ಮುಗೀಲಿ,” ಎಂದಳು ಔಷಧದ ಅಂಗಡಿಯ ಮುಂದೆ ನಿಂತು. “ಮರುದಿನಾನ ತರೂಣು.”

“ಇವತ್ತಿಂದನ ಅಂತ ಅಂದ್ರು ಅತ್ತಿ.”

“ಅವ್ರು ಎಲ್ಲಾರಿಗೂ ಹಂಗ ಅಂತಾರ. ಅಲ್ಲೀತನಕ ನೀ ಬಾಯಿ ಬಿಗಿ ಹಿಡಿ, ಸಾಕು.”

ಬಸ್ಸು ಬಂತು, ಹತ್ತಿದರು. ಮನೆಯಲ್ಲಿ ಕೇಳಿದವರಿಗೆ ಎಲ್ಲ ಸರಿ ಇದೆ ಎಂದು ಹೇಳಿದರು.

ಒಂಬತ್ತನೆಯ ತಿಂಗಳಲ್ಲಿ ಕುಬಸ ಆಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಮಾನಸಿಯನ್ನು ಪಡಸಾಲೆಯ ನಡುವೆ ಮಣೆಯ ಮೇಲೆ ಕೂರಿಸಿದರು. ಮುಧೋಳದಿಂದ ಆಕೆಯ ಅವ್ವ ಮಹಾವೀರಿ ಬೇಸನುಂಡಿ, ಕರ್ಚಿಕಾಯಿಯ ಡಬ್ಬಿಗಳನ್ನು ಹೊತ್ತು ಬಂದಿದ್ದಳು. ಮಗಳಿಗೆ ಇಷ್ಟವೆಂದು ನಾಲ್ಕು ದಿನ ಕೂತು ಮಾಡಿದ್ದು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಆರತಿ ಎತ್ತಿ, ಉಡಿ ತುಂಬಿ, ಬಾಯಿಗೆ ತುತ್ತಿಟ್ಟರು. ಒಬ್ಬರದು ಹೋಳಿಗೆ, ಇನ್ನೊಬ್ಬರದು ಹುಗ್ಗಿ. ಸಿದ್ಧಿ ಓಡಿ ಬಂದು, “ವೈನಿ, ನನ್ನ ಕೈಲೆ ಒಂದ್ ಉಂಡಿ” ಎಂದು ಇಡೀ ಉಂಡೆಯನ್ನೇ ತುರುಕಿದಳು. ಏನೂ ತಿಳಿಯದ ಹುಡುಗಿ. ತನ್ನ ಮದುವೆಗಾಗಿ ವೈನಿ ಏನು ನುಂಗುತ್ತಿದ್ದಾಳೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಸುಮತಿಬಾಯಿ ಗಂಡ ಇಲ್ಲದವಳು, ಆರತಿ ಎತ್ತಲಿಲ್ಲ. ತುತ್ತಿಡಲು ಕರೆದಾಗ ಆಕೆ ಸಿಹಿಯ ತಟ್ಟೆಗಳನ್ನು ದಾಟಿ ನಾಲ್ಕು ದಾಳಿಂಬೆ ಕಾಳು ತೆಗೆದು ಮಾನಸಿಯ ಬಾಯಿಗಿಟ್ಟಳು. “ಒಲ್ಲೆ ಅನಿಸಿದ್ರ ಬಿಡವ್ವಾ, ಮಂದಿ ಸಲುವಾಗಿ ತಿನ್ಬ್ಯಾಡ” ಎಂದು ಮೆಲ್ಲಗೆ ಹೇಳಿ ಹೋಗಿ ಎದುರಿನ ಕುರ್ಚಿಯಲ್ಲಿ ಕೂತಳು. ಈಕೆಗೆ ವಾಸನೆ ಹತ್ತಿದೆ, ಪರೀಕ್ಷೆ ಮಾಡಲೆಂದೇ ಬಂದಿದ್ದಾಳೆ ಎಂದುಕೊಂಡಳು ಹೀರಾಬಾಯಿ.

ಅಷ್ಟರಲ್ಲಿ ಜಿನ್ನಕ್ಕ ಬಟ್ಟಲು ತುಂಬ ಶ್ರೀಖಂಡ ಹಿಡಿದು ಬಂದಳು. ಮಾನಸಿ ಪಕ್ಕದಲ್ಲಿ ನಿಂತಿದ್ದ ಅತ್ತೆಯ ಸೆರಗು ಹಿಡಿದು ಜಗ್ಗಿದಳು. ಆಕೆಯ ಮೇಲ್ದುಟಿಯ ಮೇಲೆ ಬೆವರಿತ್ತು. “ಅತ್ತಿ, ಸಾಕು ಅಂತ ಹೇಳ್ರಿ. ನೀವ್ ಹೇಳಿದ್ರ ಬಿಡ್ತಾರ.”

ಖರೆ. ಆಕೆ ಹೇಳಿದ್ದರೆ ಬಿಡುತ್ತಿದ್ದರು. ಮನೆಯ ಹಿರಿಯಾಕೆ, ಆ ದಿನದ ಯಜಮಾನಿ. ಒಂದು ಮಾತು ಸಾಕಿತ್ತು. ಹೀರಾಬಾಯಿ ಬಾಯಿ ತೆರೆದಳು. ಎದುರಿಗೆ ಸುಮತಿಬಾಯಿ ಇವರತ್ತಲೇ ನೋಡುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತು ಯಾರಿಗೋ ತನ್ನ ಮನೆಯ ಊಟದ ಶುದ್ಧಿಯ ಕತೆ ಹೇಳುತ್ತಿದ್ದ.

“ಇದೊಂದ್ ತುತ್ತು ತಗೋ ತಂಗಿ,” ಎಂದಳು ಹೀರಾಬಾಯಿ. “ಹಿರ್ಯಾರು ಕೊಡಾಕತ್ತಾರ.”

ಮಾನಸಿ ಸೆರಗು ಬಿಟ್ಟಳು. ಬಾಯಿ ತೆರೆದು ಶ್ರೀಖಂಡ ತಿಂದಳು. ಆಮೇಲೆ ಯಾರು ಏನು ಕೊಟ್ಟರೂ ಬೇಡ ಎನ್ನಲಿಲ್ಲ, ಅತ್ತೆಯ ಕಡೆ ನೋಡಲೂ ಇಲ್ಲ.

ಮರುದಿನ ಮುಂಜಾನೆ ಔಷಧ ತರಲು ಜಮಖಂಡಿಗೆ ಹೋಗಬೇಕೆಂದು ಹೀರಾಬಾಯಿ ಬೇಗ ಸ್ನಾನ ಮಾಡಿ ಸಿದ್ಧವಾಗಿದ್ದಳು. ಮಾನಸಿ ಗೋಡೆಗೆ ಒರಗಿ ಕೂತಿದ್ದಳು. “ಅತ್ತಿ, ಕೂಸು ಮಿಸುಕವಲ್ದು. ಎದ್ದಾಗಿಂದ ಒಂದ್ ಸಲಾನೂ ಹೊಳ್ಳಿಲ್ಲ.”

“ನಿನ್ನೆ ಹೊಟ್ಟಿ ತುಂಬ ಉಂಡೈತಿ, ಮಲಗಿರಬೇಕು ತಗೋ.”

ಈ ಮಾತನ್ನು ಹೀರಾಬಾಯಿ ನಗುತ್ತಲೇ ಆಡಿದಳು. ಆಡಿದವಳೇ ಗಂಡನನ್ನು ಕೂಗಿದಳು. ಧನಪಾಲನ ಅಂಗಡಿಯ ಗಾಡಿ ತರಿಸಿ ಜಮಖಂಡಿಗೆ ಹೊರಟರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಒಂದನ್ನು ಹಿಂದೆ ಹಾಕಿದರೆ ಮತ್ತೊಂದು. ದವಾಖಾನೆಯಲ್ಲಿ ಡಾಕ್ಟರ್‌ಬಾಯಿ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಅಲ್ಲಿ ಇಲ್ಲಿ ಸರಿಸಿ ಕೇಳಿದಳು. ಇನ್ನೊಮ್ಮೆ ಕೇಳ್ರಿ ಎಂದು ಹೀರಾಬಾಯಿ ಕೈಮುಗಿದಳು. ಆಕೆ ಇನ್ನೊಮ್ಮೆಯೂ ಕೇಳಿದಳು.

ಸತ್ತ ಕೂಸನ್ನೂ ಹಡೆಯಲೇಬೇಕು, ಅದಕ್ಕೆ ವಿನಾಯಿತಿ ಇಲ್ಲ. ಮಾನಸಿ ಒಂದು ಹಗಲು ಒಂದು ರಾತ್ರಿ ನೋವು ತಿಂದಳು. ಗಂಡು ಮಗು. ದುಂಡು ಕೆನ್ನೆ, ತುಂಬಿದ ತೋಳು, ತಲೆ ತುಂಬ ಕೂದಲು. ಸಿಸ್ಟರ್ ಎರಡೂ ಕೈಯಲ್ಲಿ ಎತ್ತಿ ಬಟ್ಟೆಯಲ್ಲಿ ಸುತ್ತುವಾಗ ಅದರ ಭಾರಕ್ಕೆ ಉಸಿರು ಬಿಟ್ಟಳು. ಮಹಾವೀರಿ ಮುಧೋಳದಿಂದ ಓಡಿ ಬಂದವಳು ಕೂಸಿನ ಮುಖ ನೋಡಿ, “ಇಷ್ಟ್ ಛಂದ ಬೆಳದೈತಿ, ಏನ್ ಕಡಿಮಿ ಆಗಿತ್ತರೀ ಇದಕ್ಕ?” ಎಂದು ಎದೆ ಬಡಿದುಕೊಂಡಳು.

ಹೊರಗೆ ಕಾರಿಡಾರಿನಲ್ಲಿ ಡಾಕ್ಟರ್‌ಬಾಯಿ ಹೀರಾಬಾಯಿಯನ್ನು ಕೇಳಿದಳು. “ಇಂಜೆಕ್ಷನ್ ಚಾಲೂ ಮಾಡಿದ್ರ್ಯಾ?”

“ಕುಬಸ ಮುಗದ ಮ್ಯಾಲ ಅಂತ…” ಎಂದಳು ಹೀರಾಬಾಯಿ.

“ಈ ಕೂಸು ಉಪಾಸ ಬಿದ್ದು ಹೋಗಿಲ್ಲ ಹೀರಾಬಾಯಿ,” ಎಂದು ಹೇಳಿ ಡಾಕ್ಟರ್‌ಬಾಯಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಹೀರಾಬಾಯಿಗೆ ಅನಿಸಿತು. ಬೈಗುಳಕ್ಕಾದರೆ ಎದುರು ಮಾತು ಇರುತ್ತದೆ.

ತೇರದಾಳಕ್ಕೆ ಬಂದ ಮೇಲೆ ಮಾತನಾಡಿಸಲು ಬಂದವರಿಗೆಲ್ಲ ಧನಪಾಲ ಹೊಕ್ಕಳಬಳ್ಳಿ ಕೊರಳಿಗೆ ಸುತ್ತಿತ್ತು ಎಂದು ಹೇಳಿದ. ಎಲ್ಲಿಂದ ತಂದನೋ ಆ ಮಾತನ್ನು, ಹೀರಾಬಾಯಿಗೂ ಮೊದಲೇ ಹೇಳಿರಲಿಲ್ಲ. ಕೇಳಿದವರು ಕರ್ಮ ಎಂದರು, ಜಿನ್ನಕ್ಕ ದೃಷ್ಟಿ ಎಂದಳು. ಅರಿಹಂತ ರಜೆ ಹಾಕಿ ಬಂದು, ಕೋಣೆಯ ಮೂಲೆಯಲ್ಲಿ ಫೋನು ಹಿಡಿದು ಕೂತವನು ಹೆಂಡತಿಯ ಮುಖ ನೋಡಲಾರದೆ ಕೂತೇ ಇದ್ದ. ಎಲ್ಲ ಗೊತ್ತಿದ್ದೂ ಬಾಯಿ ತೆರೆಯದ ನಾಲ್ವರಲ್ಲಿ ಅವನೂ ಒಬ್ಬ. ಸಿದ್ಧಿ ಹಗಲೆಲ್ಲ ವೈನಿಯ ಕಾಲು ಒತ್ತುತ್ತ ಅಳುತ್ತಿದ್ದಳು.

ಮಹಾವೀರಿ ಮಗಳನ್ನು ಮುಧೋಳಕ್ಕೆ ಕರೆದೊಯ್ಯುವ ದಿನ ಸುಮತಿಬಾಯಿ ರಬಕವಿಯಿಂದ ಬಂದಳು. ಪಡಸಾಲೆಯಲ್ಲಿ ಧನಪಾಲ, ಹೀರಾಬಾಯಿ ಎದುರು ಕೂತರು. ಕೋಣೆಯಲ್ಲಿ ಮಾನಸಿ ಬಟ್ಟೆ ಹೊಂದಿಸುತ್ತಿದ್ದಳು, ಬಾಗಿಲು ತೆರೆದೇ ಇತ್ತು. ಸುಮತಿಬಾಯಿ ಸಮಾಧಾನದ ನಾಲ್ಕು ಮಾತು ಆಡಿ, ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ಇಂಥಾ ಹೊತ್ತಿನ್ಯಾಗ ಆಡೂ ಮಾತಲ್ಲ ಹೀರಕ್ಕಾರ. ಆದ್ರ ನನ್ನ ಮನಸ ತಡೀವಲ್ದು. ನಮ್ಮ ಅಜಯಗ ಶುಗರ್ ಐತ್ರಿ. ಹ್ವಾದ ವರ್ಷ ಗೊತ್ತಾತು. ಗುಳಿಗಿ ತಗೋತಾನ, ಊಟ ಕಟ್ಟುನಿಟ್ಟು, ಈಗ ಆರಾಮ ಅದಾನ. ಹೆಣ್ಣು ನೋಡಾಕ ಬಂದ ದಿನಾನ ಹೇಳಬೇಕಂತ ಬಂದಿದ್ವಿ, ನಾಲಿಗಿ ಏಳಲಿಲ್ಲ. ಅದಕ್ಕ ಮೊದಲ ನಿಮ್ಮ ಮನ್ಯಾಗ ಯಾರಿಗರೆ ಐತೇನ್ರಿ ಅಂತ ಕೇಳಿದೆ. ಹೌದು ಅಂದಿದ್ರ ನನಗ ಹೇಳಾಕ ಧೈರ್ಯ ಬರ್ತಿತ್ರಿ. ಅಣ್ಣಾರು ಇಲ್ಲ ಅಂದ್ರು, ನಾ ಹೆದರಿ ಸುಮ್ಮಾದೆ. ಮುಚ್ಚಿಟ್ಟು ಹೆಣ್ಣು ತರೂದು ಪಾಪ. ಕೊಡೂದು ಬಿಡೂದು ಈಗ ನಿಮಗ ಬಿಟ್ಟದ್ದು.”

ಧನಪಾಲ ಟಿ.ವಿ.ಯ ಕಡೆ ನೋಡಿದ, ಅದು ಬಂದಾಗಿತ್ತು. “ನೀವು ಖರೆ ಹೇಳಿದ್ರಿ, ದೊಡ್ಡ ಮನಸ್ಸು” ಎಂದು ಗೊಣಗಿದ.

ಬನಹಟ್ಟಿಯ ಹೋಳಿಗೆ, ಅನಗವಾಡಿಯ ಹುಗ್ಗಿ, ಆ ಶ್ರೀಖಂಡ, ಔಷಧದ ಅಂಗಡಿಯ ಮುಂದೆ ನಿಂತು ತಾನಾಡಿದ ಮಾತು, ಎಲ್ಲವೂ ಒಟ್ಟಿಗೆ ಹೀರಾಬಾಯಿಗೆ ನೆನಪಾದವು. ಯಾವ ಮನೆಯವರಿಗೆ ಹೆದರಿ ಮುಚ್ಚಿಟ್ಟಳೋ ಆ ಮನೆಯವರು ಅದನ್ನೇ ಕೇಳಲು ಕಾಯುತ್ತ ಕೂತಿದ್ದರು. “ನಮ್ಮ ಮನ್ಯಾಗೂ…” ಎಂದಳು. ಧನಪಾಲ ಕೆಮ್ಮಿದ. ಆಕೆ ಅಲ್ಲಿಗೇ ನಿಂತಳು. ಈಗಲೂ ನಿಂತಳಲ್ಲ, ಆ ಹೆಂಗಸಿಗೆ ಏನೆನ್ನಬೇಕು!

ಕೋಣೆಯ ಬಾಗಿಲಲ್ಲಿ ಮಾನಸಿ ಬಂದು ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಚೌಕಟ್ಟು ಹಿಡಿದು ನಿಂತವಳು ಸುಮತಿಬಾಯಿಯನ್ನೇ ಕೇಳಿದಳು. “ಬಾಯಾರ, ನಾಳೆ ನಿಮ್ಮ ಮನ್ಯಾಗ ಸಿದ್ಧಿಗಿ ಜಡ್ಡು ಬಂದ್ರ, ಜಡ್ಡು ಬಂದೈತಿ ಅಂತ ಹೇಳಾಕ ಬಿಡ್ತೀರೇನ್ರಿ?”

ಸುಮತಿಬಾಯಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಹೇಳದಿದ್ರ ಹೆಂಗ ತಂಗಿ? ಏನ್ ಅಡಿಗಿ ಮಾಡಬೇಕಂತ ನನಗ ಗೊತ್ತಾಗಬ್ಯಾಡಾ?”

ಮಾನಸಿ ತಲೆ ಆಡಿಸಿದಳು. ಆಮೇಲೆ, ಕುಬಸದ ದಿನದಿಂದ ಮೊದಲ ಸಲ, ಅತ್ತೆಯ ಮುಖವನ್ನು ನೇರ ನೋಡಿದಳು.

“ಸಿದ್ಧೀನ ಅಲ್ಲಿಗೇ ಕೊಡ್ರಿ ಅತ್ತಿ,” ಎಂದಳು. “ಅಲ್ಲಿ ಆಕಿ ಮಕ್ಕಳು ಉಳೀತಾವ.”